ಪ್ಲಾಸ್ಟರಿಂಗ್, ಜಿಪ್ಸಂ ಸೀಲಿಂಗ್ ಕೆಲಸದಲ್ಲಿ ಸುರಕ್ಷತೆ ನೋಡಲು ಯಾರಾದರೂ ಬರುತ್ತಾರಾ?

ನಿಮ್ಮ ತಮ್ಮ ಕೇರಳದ ಕಾಸರಗೋಡಿನ ಉಪ್ಪಳದಲ್ಲಿ ಈ ಕೆಲಸಕ್ಕೆ ಸೇರಿದ್ದಾನೆ, ಭಯ ಆಗುತ್ತಿದೆ ಅಂತ ಬರೆದಿದ್ದೀರಿ. ನಾನು ಬದಿಯಡ್ಕ, ಕುಂಬಳೆ ಕಡೆ ತುಂಬಾ ವರ್ಷ ಸಾರಣೆ ಕೆಲಸ ಮಾಡಿದವನು.

ದೊಡ್ಡ ಫ್ಲಾಟಿನ ಕೆಲಸವಾದರೆ ಇನ್‌ಸ್ಪೆಕ್ಟರ್ ಬರಬಹುದು. ಮನೆ ಕೆಲಸಕ್ಕೆ ಬಂದದ್ದನ್ನು ನಾನು ಕಂಡಿಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ 10 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರು ಇದ್ದರೆ ಮಾತ್ರ ಅಂತ ಲೆಕ್ಕ ಇಟ್ಟಿತ್ತು. ನಾವು ಹೋಗುತ್ತಿದ್ದದ್ದು ನಾಲ್ಕೈದು ಜನ. ಹಾಗಾಗಿ ದಿನಾ ಬೆಳಿಗ್ಗೆ ನಿಮ್ಮ ತಮ್ಮನೇ ನೋಡಿಕೊಳ್ಳಬೇಕು.

ಎಲ್ಲರೂ ಬೀಳುವುದಕ್ಕೆ ಹೆದರುತ್ತಾರೆ. ಅದು ಸರಿಯೇ. ಅಟ್ಟಣಿಗೆಯ ಕಟ್ಟು, ಹಲಗೆ ಎರಡನ್ನೂ ಹತ್ತುವ ಮೊದಲು ಅಲ್ಲಾಡಿಸಿ ನೋಡಲಿ, ಮಳೆ ಬಂದ ಮರುದಿನ ಇನ್ನೂ ಜಾಸ್ತಿ. ಡ್ರಮ್ಮಿನ ಮೇಲೆ ಹಲಗೆ ಇಟ್ಟು ನಿಲ್ಲುವುದು ಬೇಡವೇ ಬೇಡ.

ಆದರೆ ನನಗೆ ಜಾಸ್ತಿ ಚಿಂತೆ ಧೂಳಿನದ್ದು. ಪೈಪ್ ಹಾಕಲು ಗೋಡೆ ಕೊರೆಯುವಾಗ, ಒಣಗಿದ ಸಿಮೆಂಟ್ ಉಜ್ಜುವಾಗ ಏಳುವ ಧೂಳಿನಲ್ಲಿ ಮರಳಿನ ಸಿಲಿಕಾ ಇರುತ್ತದೆ. ಜಿಪ್ಸಂ ಬೋರ್ಡಿನ ಸಂದಿಗೆ ಹಚ್ಚುವ ಪುಟ್ಟಿಯಲ್ಲೂ ಕೆಲವದರಲ್ಲಿ ಇರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದೇ ಶ್ವಾಸಕೋಶದ ಆಳಕ್ಕೆ ಇಳಿಯುವುದು. ವರ್ಷಗಟ್ಟಲೆ ಆ ಧೂಳು ಕುಡಿದರೆ ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ಕಾಯಿಲೆ ಬರಬಹುದು. ಬಂದರೆ ಅದು ವಾಸಿಯಾಗುವುದಿಲ್ಲ. ನಾವೆಲ್ಲ ಮುಖಕ್ಕೆ ಬೈರಾಸು (ಟವೆಲ್) ಸುತ್ತಿಕೊಂಡು ಸಾಕು ಅಂದುಕೊಂಡಿದ್ದೆವು. ಬೈರಾಸು ಆ ಧೂಳನ್ನು ತಡೆಯುವುದಿಲ್ಲ. ಎನ್95 ಮಾಸ್ಕ್ ಬೇಕು, ಗಡ್ಡ ಇದ್ದರೆ ಅದೂ ಸರಿಯಾಗಿ ಕೂರುವುದಿಲ್ಲ. ಕೊರೆಯುವ ಮೊದಲು ನೀರು ಹಾಕಿದರೆ ಧೂಳೇ ಕಡಿಮೆ, ಆದರೆ ಕರೆಂಟಿನ ಮೆಷಿನ್‌ಗೆ ನೀರು ತಾಗಬಾರದು. ನೀರಿಗೆಂದೇ ಮಾಡಿದ ಮೆಷಿನ್ ಇಲ್ಲದಿದ್ದರೆ ಧೂಳು ಎಳೆಯುವ ವ್ಯಾಕ್ಯೂಮ್ ಜೋಡಿಸಲಿ. ಕೊನೆಗೆ ಒಣ ಕಸಬರಿಕೆಯಿಂದ ಗುಡಿಸುವುದೂ ಬೇಡ.

ಹಸಿ ಸಿಮೆಂಟ್ ಕೂಡ ಸುಡುತ್ತದೆ. ಒಮ್ಮೆ ನಾನು ಮಂಡಿಯೂರಿ ಮಧ್ಯಾಹ್ನದವರೆಗೆ ಕೆಲಸ ಮಾಡಿದೆ, ಏನೂ ಗೊತ್ತಾಗಲಿಲ್ಲ. ಸಂಜೆ ಪ್ಯಾಂಟ್ ತೆಗೆದಾಗ ಮಂಡಿಯ ಚರ್ಮ ಸುಟ್ಟು ಕಪ್ಪಾಗಿತ್ತು. ಬಟ್ಟೆ ಒದ್ದೆಯಾದ ಕೂಡಲೇ ಬದಲಾಯಿಸಿ, ಚೆನ್ನಾಗಿ ತೊಳೆಯಬೇಕು. ಕಣ್ಣಿಗೆ ಬಿದ್ದರೆ ಉಜ್ಜಬಾರದು. ಕನಿಷ್ಠ 20 ನಿಮಿಷ ಶುದ್ಧ ನೀರು ಬಿಟ್ಟು ತೊಳೆದು, ನೇರ ಆಸ್ಪತ್ರೆಗೆ ಹೋಗಲಿ.

ಇನ್ನೊಂದು ವಿಷಯ. ನಮ್ಮ ಕಡೆ ಎಚ್ಚರಿಕೆಯ ಬೋರ್ಡುಗಳು ಹೆಚ್ಚಾಗಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತವೆ. ತಮ್ಮನಿಗೆ ಮಲಯಾಳ ಓದಲು ಬಾರದಿದ್ದರೆ ನಾಚಿಕೆ ಬೇಡ, ಮೇಸ್ತ್ರಿಯ ಹತ್ತಿರ ಒಂದೊಂದನ್ನೂ ಓದಿಸಿಕೊಳ್ಳಲಿ.