ಮಾರ್ಚ್‌ನಲ್ಲಿ ಹೂವು ನೋಡಲು ಆಂಜಾ-ಬೊರೆಗೊ ಮರುಭೂಮಿಗೆ ಒಬ್ಬಳೇ ಹೋಗಿ ನಡೆದು ಬರಬಹುದೇ?

ಧಾರಾಳವಾಗಿ ಹೋಗಬಹುದು. ಆದರೆ ನಿಮ್ಮ ಪ್ರಶ್ನೆಯಲ್ಲಿ ಎರಡು ಆಸೆಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಚಿತ್ರಗಳಲ್ಲಿ ಕಂಡ ನೇರಳೆ, ಹಳದಿ ಹೂವಿನ ಬಯಲನ್ನು ಕಣ್ಣಾರೆ ನೋಡಬೇಕು ಎನ್ನುವುದು ಒಂದು. ಮರುಭೂಮಿಯಲ್ಲಿ ಒಬ್ಬಳೇ ಅರ್ಧ ದಿನ ನಡೆಯಬೇಕು ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ನಡೆಯುವ ಅಗತ್ಯವೇ ಇಲ್ಲ. ಎರಡನೆಯದಕ್ಕೆ ಹೊರಟಾಗ ಮೊದಲನೆಯದರ ಬೆನ್ನು ಹತ್ತಬಾರದು. ನಾನು ಸ್ಯಾನ್ ಡಿಯಾಗೋದಲ್ಲಿ ನೆಲೆಸಿದವಳು. ಬೆಟ್ಟ ದಾಟಿ ಎರಡು ಗಂಟೆ ಕಾರು ಓಡಿಸಿದರೆ ಆ ಮರುಭೂಮಿ, ಅದು ಕ್ಯಾಲಿಫೋರ್ನಿಯಾದ ಒಂದು ರಾಜ್ಯ ಉದ್ಯಾನ. ವಸಂತದಲ್ಲಿ ಅಲ್ಲಿಗೆ ಹೆಚ್ಚಾಗಿ ಒಬ್ಬಳೇ ಹೋಗುತ್ತೇನೆ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನೀವು ಸ್ಯಾನ್ ಹೋಸೆಯಿಂದ ಮಾರ್ಚ್ ಎರಡನೇ ವಾರಕ್ಕೆ ವಿಮಾನದ ಟಿಕೆಟ್ ತೆಗೆದಾಗಿದೆ, ಆ ಹೊತ್ತಿಗೆ ಹೂವು ಇರುತ್ತದೆಯೇ ಎಂದು ಕೇಳಿದ್ದೀರಿ. ಇದಕ್ಕೆ ಉತ್ತರ ಇರುವುದು ಹಿಂದಿನ ಅಕ್ಟೋಬರ್‌ನಿಂದ ಜನವರಿಯವರೆಗಿನ ಮಳೆಯಲ್ಲಿ. ಬಯಲು ತುಂಬುವ ಹೂವುಗಳೆಲ್ಲ ಒಂದೇ ಋತುವಿನ ಗಿಡಗಳು. ಮೊಳೆತು, ಹೂತು, ಬೀಜ ಉದುರಿಸಿ ಬೇಸಿಗೆಗೆ ಮುಂಚೆ ಒಣಗಿಹೋಗುವಂಥವು. ಇವುಗಳಲ್ಲಿ ಅನೇಕದರ ಬೀಜದ ಸಿಪ್ಪೆಯಲ್ಲಿ ಮೊಳಕೆಯನ್ನು ತಡೆಯುವ ರಾಸಾಯನಿಕಗಳಿವೆ. ತುಂತುರು ಮಳೆಗೆ ಅವು ಕರಗುವುದಿಲ್ಲ. ಸುಮಾರು 25 ಮಿಲಿಮೀಟರ್ ಮಳೆ ಒಂದೇ ಸಲಕ್ಕೆ ಸುರಿದು ಅವನ್ನು ತೊಳೆದುಹಾಕಬೇಕು. ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿದ್ದ ಸಸ್ಯವಿಜ್ಞಾನಿ ಫ್ರಿಟ್ಸ್ ವೆಂಟ್ ಮರುಭೂಮಿಯ ಮಣ್ಣನ್ನು ತಂದು ಪ್ರಯೋಗ ಮಾಡಿದಾಗ, ಮೇಲಿನಿಂದ ಮಳೆಯಂತೆ ನೀರು ಸುರಿದರೆ ಮೊಳೆತ ಬೀಜಗಳು, ಕೆಳಗಿನಿಂದ ಮಣ್ಣು ಒದ್ದೆಯಾದರೆ ಮೊಳೆಯಲಿಲ್ಲ. ಒದ್ದೆಯಾದರೆ ಸಾಲದು, ತೊಳೆಯಬೇಕು. ಅಷ್ಟಾದರೂ ಎಲ್ಲ ಬೀಜಗಳೂ ಒಂದೇ ವರ್ಷ ಏಳುವುದಿಲ್ಲ. ನಮ್ಮ ಬಯಲುಸೀಮೆಯ ರೈತ ಬಿತ್ತನೆಗೆ ಎಷ್ಟೇ ಆಸೆಯಿದ್ದರೂ ಹಗೇವಿನಲ್ಲಿ ಒಂದಿಷ್ಟು ಕಾಳು ಉಳಿಸಿಕೊಳ್ಳುವ ಹಾಗೆ, ಮುಂದಿನ ಬರಗಾಲಕ್ಕೆಂದು ಒಂದು ಪಾಲು ಮಣ್ಣಿನಲ್ಲೇ ಮಲಗಿರುತ್ತದೆ.

ಮೊಳೆತ ಮೇಲೂ ಗಂಡಾಂತರ ಮುಗಿಯುವುದಿಲ್ಲ. ಚಳಿಗಾಲದಲ್ಲಿ ಆಗಾಗ ಮತ್ತೆ ಮಳೆ ಬೀಳಬೇಕು. ಫೆಬ್ರವರಿಯಲ್ಲಿ ಬಿಸಿ ಒಣಗಾಳಿ ಬೀಸಿದರೆ ಸಸಿಗಳು ವಾರದೊಳಗೆ ಸುಟ್ಟುಹೋಗುತ್ತವೆ. ಆಮೇಲೆ ಬೆರಳಿನಷ್ಟು ದಪ್ಪದ ಕಂಬಳಿಹುಳುಗಳು ಬರುತ್ತವೆ, ಮುಂದೆ ಸ್ಫಿಂಕ್ಸ್ ಪತಂಗಗಳಾಗುವಂಥವು. ಹೂವಿನ ಬಯಲನ್ನೇ ಮೇಯ್ದುಬಿಡುವ ಅವುಗಳನ್ನು ತಿನ್ನಲು ದಕ್ಷಿಣ ಅಮೆರಿಕದಿಂದ ಉತ್ತರಕ್ಕೆ ವಲಸೆ ಹೊರಟ ಸ್ವೇನ್ಸನ್ ಗಿಡುಗಗಳು ಬೊರೆಗೊ ಕಣಿವೆಯಲ್ಲಿ ಇಳಿಯುತ್ತವೆ. ಹೂವಿಲ್ಲವೆಂದು ಮುಖ ಸಣ್ಣ ಮಾಡಿಕೊಂಡವರು ಈ ಗಿಡುಗಗಳನ್ನಾದರೂ ನೋಡಿ ಹೋಗಬೇಕು ಎಂಬುದು ನನ್ನ ಅಭಿಪ್ರಾಯ. 2017ರಲ್ಲಿ, 2019ರಲ್ಲಿ ಎಲ್ಲವೂ ಕೂಡಿಬಂದು ಮಹಾಹೂಬಿಡುವಿಕೆ ಆಯಿತು. 2019ರಲ್ಲಂತೂ ಅದೇ ಮಳೆಯ ಕೃಪೆಯಿಂದ ಪೇಂಟೆಡ್ ಲೇಡಿ ಚಿಟ್ಟೆಗಳು ದಂಡುದಂಡಾಗಿ ದಕ್ಷಿಣ ಕ್ಯಾಲಿಫೋರ್ನಿಯಾವನ್ನು ಹಾದುಹೋದವು. ಅಂಥ ವರ್ಷಗಳು ಅಪರೂಪ. ಸಾಧಾರಣ ವರ್ಷದಲ್ಲಿ ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಕಣಿವೆಯ ತಗ್ಗಿನಲ್ಲಿ ಅಲ್ಲಲ್ಲಿ ಹೂವಿರುತ್ತದೆ. ಬಿಸಿಲು ಏರಿದಂತೆ ಹೂವೂ ಎತ್ತರಕ್ಕೆ ಏರುತ್ತದೆ. ಮಾರ್ಚ್ ಎರಡನೇ ವಾರ ಕೆಟ್ಟ ಆಯ್ಕೆಯಲ್ಲ, ಆದರೆ ಹೊರಡುವ ಮುನ್ನ ಉದ್ಯಾನದವರೂ ಸ್ಥಳೀಯ ಸಸ್ಯಗಳ ಸಂಸ್ಥೆಯಾದ ಥಿಯೋಡೋರ್ ಪೇನ್ ಫೌಂಡೇಷನ್‌ನವರೂ ಕೊಡುವ ಹೂವಿನ ವರದಿಯನ್ನು ನೋಡಿಕೊಳ್ಳಿ. ಯಾರೋ ಹಂಚಿದ ಫೋಟೊ ನಂಬಬೇಡಿ, ಅದು ಯಾವ ವರ್ಷದ್ದೋ ದೇವರೇ ಬಲ್ಲ.

ಹೂವಿನ ಬಯಲು ಎಲ್ಲಿ ಎಂದರೆ, ಬೊರೆಗೊ ಸ್ಪ್ರಿಂಗ್ಸ್ ಊರಿನ ಉತ್ತರಕ್ಕೆ ಹೆಂಡರ್ಸನ್ ಕ್ಯಾನ್ಯನ್ ರಸ್ತೆಯ ಬದಿಯಲ್ಲಿ, ಮತ್ತು ಡಿ ಜಾರ್ಜಿಯೋ ರಸ್ತೆಯಲ್ಲಿ ಡಾಂಬರು ಮುಗಿಯುವ ಕಡೆ. ನೆಲಕ್ಕೆ ಅಂಟಿಕೊಂಡು ಹರಡುವ ನೇರಳೆ ಬಣ್ಣದ್ದು ಸ್ಯಾಂಡ್ ವರ್ಬೀನಾ. ಅದರ ನಡುವೆ ಎದ್ದು ಕಾಣುವ ಹಳದಿ, ಮರುಭೂಮಿಯ ಸೂರ್ಯಕಾಂತಿ. ಅಂಗೈಯಗಲದ ಬಿಳಿ ಹೂವು ಡ್ಯೂನ್ ಪ್ರಿಮ್‌ರೋಸ್. ಇದು ಸಂಜೆ ಅರಳಿ ಮರುದಿನ ಬಿಸಿಲಿಗೆ ಬಾಡುತ್ತದೆ, ಹಾಗಾಗಿ ಇಲ್ಲಿಗೆ ಹೊತ್ತು ಮುಳುಗುವಾಗಲೋ ಮುಂಜಾನೆಯೋ ಬನ್ನಿ. ಕಾರು ನಿಲ್ಲಿಸಿ ಅಂಚಿನಲ್ಲೇ ನಿಂತು ನೋಡಿದರೆ ಸಾಕು. ಕೀಳುವುದಕ್ಕೆ ಅನುಮತಿಯಿಲ್ಲ, ಫೋಟೊಗಾಗಿ ಹೂವಿನ ನಡುವೆ ಮಲಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. 2019ರಲ್ಲಿ ಲೇಕ್ ಎಲ್ಸಿನೋರ್ ಬಳಿಯ ವಾಕರ್ ಕ್ಯಾನ್ಯನ್‌ನ ಕಿತ್ತಳೆ ಪಾಪಿ ಹೂವುಗಳನ್ನು ಜನ ತುಳಿದು ಹಾಳು ಮಾಡಿದರು. 2023ರಲ್ಲಿ ಮತ್ತೆ ಹೂವು ಬಂದಾಗ ಆ ಜಾಗಕ್ಕೆ ಪ್ರವೇಶವನ್ನೇ ನಿಷೇಧಿಸಿದರು. ಇಲ್ಲಿ ನಿರ್ಭಯವಾಗಿ ತಿರಸ್ಕರಿಸಬಹುದಾದ ಹೂವು ಒಂದಿದೆ. ಸೊಂಟದೆತ್ತರ ಬೆಳೆದು ಪೇಲವ ಹಳದಿ ಹೂ ಬಿಡುವ ಸಹಾರಾ ಸಾಸಿವೆ. ಹೊರಗಿನಿಂದ ಬಂದ ಈ ಕಳೆ ಎಲ್ಲರಿಗಿಂತ ಮೊದಲು ಮೊಳೆತು ನೀರನ್ನೂ ಜಾಗವನ್ನೂ ಕಬಳಿಸುತ್ತದೆ. ಸ್ವಯಂಸೇವಕರು ಅದನ್ನು ಕಿತ್ತು ಚೀಲಕ್ಕೆ ತುಂಬುತ್ತಿರುವುದು ಕಂಡರೆ ಒಂದು ನಮಸ್ಕಾರ ಹೇಳಿ.

ಇನ್ನು ನಡಿಗೆ. ಮೊದಲ ಸಲ ಒಬ್ಬರೇ ಹೋಗುವವರಿಗೆ ಬೊರೆಗೊ ಪಾಮ್ ಕ್ಯಾನ್ಯನ್. ಹೋಗಿಬರಲು ಸುಮಾರು ಐದು ಕಿಲೋಮೀಟರ್, ದಾರಿ ಸ್ಪಷ್ಟ, ಕೊನೆಯಲ್ಲಿ ತೊರೆಯ ಪಕ್ಕ ಕ್ಯಾಲಿಫೋರ್ನಿಯಾದ ಏಕೈಕ ಸ್ಥಳೀಯ ತಾಳೆ ಜಾತಿಯ ಒಂದು ತೋಪು. 2004ರ ಪ್ರವಾಹ ಬಹಳಷ್ಟು ಮರಗಳನ್ನು ಕೊಚ್ಚಿಕೊಂಡು ಹೋಯಿತು, 2020ರ ಜನವರಿಯಲ್ಲಿ ಉಳಿದ ತೋಪಿಗೆ ಬೆಂಕಿ ಬಿತ್ತು. ಈ ತಾಳೆಗಳು ಸುಲಭಕ್ಕೆ ಸಾಯುವ ಜಾತಿಯಲ್ಲ, ಕಾಂಡ ಕಪ್ಪಾಗಿದ್ದರೂ ನೆತ್ತಿಯಲ್ಲಿ ಹಸಿರು ಒಡೆಯುತ್ತದೆ. ಬೆಳಗ್ಗೆ ಬೇಗ ಹೋದರೆ ಬಂಡೆಗಳ ಮೇಲೆ ಕಾಡುಕುರಿಗಳು ಕಾಣಿಸಬಹುದು. ಬಾಗಿದ ದಪ್ಪ ಕೊಂಬಿನ ಇವು 1998ರಿಂದ ಅಮೆರಿಕದ ಅಳಿವಿನಂಚಿನ ಪ್ರಾಣಿಗಳ ಪಟ್ಟಿಯಲ್ಲಿವೆ. ಇನ್ನೂ ನಡೆಯಬಲ್ಲೆ ಎನ್ನಿಸಿದರೆ ಮರುದಿನ ಹೆಲ್‌ಹೋಲ್ ಕ್ಯಾನ್ಯನ್. ಮೇಡನ್‌ಹೇರ್ ಜಲಪಾತದವರೆಗೆ ಹೋಗಿಬರಲು ಒಂಬತ್ತು ಕಿಲೋಮೀಟರಿನಷ್ಟು. ಮೊದಲ ಅರ್ಧ ಬಟಾಬಯಲು, ಕಮರಿ ಕಿರಿದಾದ ಮೇಲೆ ಬಂಡೆಗಳ ನಡುವೆ ಕಾಲುದಾರಿ ಮಾಯವಾಗಿ ಮತ್ತೆ ಸಿಗುತ್ತದೆ. ಜಲಪಾತ ನಮ್ಮ ಜೋಗ ಕಂಡವರಿಗೆ ನಗು ತರಿಸುವಷ್ಟು ಸಣ್ಣದು. ಆದರೂ ಆ ಒಣ ಬಂಡೆಗಳ ಬಾಣಲೆಯೊಳಗೆ ಜರಿಗಿಡ ನೇತಾಡುವ ಒದ್ದೆ ಗೋಡೆ ಸಿಗುವುದು ಸಣ್ಣ ಮಾತಲ್ಲ.

ಕಮರಿಯಲ್ಲಿ ಹೂವು ರಾಶಿಯಾಗಿರುವುದಿಲ್ಲ, ಒಂದೊಂದಾಗಿ ಎದುರಾಗುತ್ತದೆ. ಬೂದು ಎಲೆಯ ಮೇಲೆ ಹಳದಿ ಬ್ರಿಟಲ್‌ಬುಷ್. ಬೆತ್ತದಂಥ ಉದ್ದ ಮುಳ್ಳುಗಳೆಗಳ ತುದಿಗೆ ಕೆಂಪು ಹೂವಿಟ್ಟ ಒಕೊಟೀಯೊ. ಚೂಪರೋಸಾ ಪೊದೆಯ ಕೆಂಪು ಕೊಳವೆಗಳಿಗೆ ಮೂತಿಯಿಟ್ಟ ಝೇಂಕಾರದ ಹಕ್ಕಿ. ನಾನು ಬೆಳೆದ ಚಳ್ಳಕೆರೆಯ ಬೇಲಿಸಾಲುಗಳಲ್ಲಿ ಪಾಪಾಸುಕಳ್ಳಿ ಇರುತ್ತಿತ್ತು, ಅದು ಅಮೆರಿಕ ಖಂಡದಿಂದ ಬಂದದ್ದು. ಅದರ ಕುಲಬಾಂಧವ ಬೀವರ್‌ಟೇಲ್ ಕಳ್ಳಿ ಇಲ್ಲಿ ಕಡುಗುಲಾಬಿ ಹೂ ಹೊತ್ತು ಕುಳಿತಿರುತ್ತದೆ. ಉದ್ದನೆಯ ಮುಳ್ಳಿಲ್ಲವೆಂದು ಮುಟ್ಟಿದಿರೋ, ಕಣ್ಣಿಗೆ ಕಾಣದ ನವಿರುಮುಳ್ಳುಗಳು ವಾರಗಟ್ಟಲೆ ಬೆರಳಿನಲ್ಲಿರುತ್ತವೆ.

ಒಬ್ಬಳೇ ನಡೆಯುವವಳಿಗೆ ಅಪಾಯ ಬರುವುದೂ ಈ ಹೂವುಗಳ ಮೂಲಕವೇ. ಹೂವು ಕಂಡ ಕೂಡಲೇ ಇದು ತೋಟ ಎಂಬ ಭಾವನೆ ಬಂದುಬಿಡುತ್ತದೆ. ಅಲ್ಲೊಂದು, ಅದರಾಚೆ ಇನ್ನೊಂದು ಎಂದು ಹಾದಿ ಬಿಟ್ಟು ಸರಿಯುತ್ತೇವೆ. ಹನ್ನೊಂದಕ್ಕೆ ವಾಪಸಾಗಬೇಕಿದ್ದವರು ಒಂದು ಗಂಟೆಯಾದರೂ ಮೇಲೇ ಇರುತ್ತೇವೆ. ಮಾರ್ಚ್‌ನಲ್ಲೇ ಕೆಲವು ದಿನ 35 ಡಿಗ್ರಿ ದಾಟುತ್ತದೆ, ಗಾಳಿ ಎಷ್ಟು ಒಣಗಿರುತ್ತದೆಂದರೆ ಬೆವರು ಕಾಣಿಸುವುದೇ ಇಲ್ಲ. ಆದ್ದರಿಂದ ಹೊರಡುವಾಗಲೇ ತಿರುಗುವ ಗಂಟೆಯನ್ನು ಗೊತ್ತು ಮಾಡಿ, ಜಲಪಾತ ಹತ್ತು ನಿಮಿಷದ ದೂರದಲ್ಲಿದ್ದರೂ ಆ ಗಂಟೆಗೆ ತಿರುಗಿ. ದಿನಕ್ಕೆ ನಾಲ್ಕು ಲೀಟರ್ ನೀರು ಬೇಕು. ಅರ್ಧ ಮುಗಿದರೆ ಅದೂ ತಿರುಗುವ ಗಂಟೆಯೇ. ಬರೀ ನೀರು ಕುಡಿಯುತ್ತಾ ಹೋಗದೆ ಉಪ್ಪಿರುವ ತಿಂಡಿಯನ್ನೂ ತಿನ್ನುತ್ತಿರಿ. ನಾನು ಚಕ್ಕುಲಿ ಒಯ್ಯುತ್ತೇನೆ, ಬಿಸಿಲಿಗೆ ಕೆಡುವುದಿಲ್ಲ.

ಹಾವಿನ ಬಗ್ಗೆ ನೀವು ಎರಡು ಸಲ ಕೇಳಿದ್ದೀರಿ. ಬುಡುಬುಡಿಕೆ ಹಾವುಗಳು ವಸಂತದಲ್ಲಿ ಹೊರಬರುವುದು ನಿಜ. ಕಾಣದ ಕಡೆ ಕೈ ಇಡದಿದ್ದರೆ, ಬಂಡೆಯನ್ನು ದಾಟುವ ಮೊದಲು ಆಚೆ ಬದಿಯನ್ನು ನೋಡಿಕೊಂಡರೆ ಅವು ತಮ್ಮ ಪಾಡಿಗೆ ತಾವಿರುತ್ತವೆ. ಕಚ್ಚಿದರೆ ಕೊಯ್ಯುವುದು, ಚೀಪುವುದು, ಬಿಗಿದು ಕಟ್ಟುವುದು ಯಾವುದೂ ಬೇಡ, ಆಸ್ಪತ್ರೆ ಮಾತ್ರ. ಹಾವಿಗಿಂತ ಖಚಿತವಾಗಿ ನಿಮ್ಮನ್ನು ಹಿಡಿಯುವುದು ಚೋಯಾ ಎಂಬ ಕಳ್ಳಿ. ತಾಗಿದರೆ ಸಾಕು, ಮುಳ್ಳುಂಡೆ ಕಳಚಿಕೊಂಡು ಕಾಲಿಗೆ ಅಂಟುತ್ತದೆ. ಕೈಯಿಂದ ಕೀಳಲು ಹೋದರೆ ಕೈಗೂ. ಚೀಲದಲ್ಲಿ ಒಂದು ಅಗ್ಗದ ಬಾಚಣಿಗೆ ಇರಲಿ, ಉಂಡೆಯ ಕೆಳಗೆ ತೂರಿಸಿ ದೂರಕ್ಕೆ ಚಿಮ್ಮಿಸಿ. ಉಳಿದ ಮುಳ್ಳಿಗೆ ಚಿಮುಟ.

ಮನುಷ್ಯರ ಭಯವನ್ನೂ ನೀವು ಸಂಕೋಚದಿಂದಲೇ ಕೇಳಿದ್ದೀರಿ. ಹೂವಿನ ಕಾಲದಲ್ಲಿ ಪಾಮ್ ಕ್ಯಾನ್ಯನ್ ದಾರಿಯಲ್ಲಿ ಎದುರಾಗುವವರು ಹೆಚ್ಚಾಗಿ ದುರ್ಬೀನು ಹಿಡಿದ ನಿವೃತ್ತ ದಂಪತಿಗಳು. ನನ್ನ ಅನುಭವದಲ್ಲಿ ಅವರಿಂದಾಗುವ ತೊಂದರೆ ಎಂದರೆ ಪ್ರತಿ ಹೂವಿನ ಲ್ಯಾಟಿನ್ ಹೆಸರು ಹೇಳದೆ ಬಿಡುವುದಿಲ್ಲ ಎಂಬುದೊಂದೇ. ಊರಲ್ಲಿರುವ ಅಮ್ಮನಿಗೆ ಹೇಳಿಲ್ಲ ಎಂದು ಬರೆದಿದ್ದೀರಿ, ಅದು ನಿಮ್ಮಿಬ್ಬರ ವಿಚಾರ. ಆದರೆ ಯಾವ ಕಮರಿ, ಕಾರು ಎಲ್ಲಿ ನಿಲ್ಲಿಸಿದ್ದೀರಿ, ಎಷ್ಟು ಗಂಟೆಯೊಳಗೆ ಸಂದೇಶ ಬರದಿದ್ದರೆ 911ಕ್ಕೆ ಕರೆ ಮಾಡಬೇಕು ಎಂಬುದು ಅಮೆರಿಕದಲ್ಲೇ ಇರುವ ಒಬ್ಬರಿಗೆ ಬರಹದಲ್ಲಿ ಗೊತ್ತಿರಲೇಬೇಕು. ಕಮರಿಯೊಳಗೆ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳಬೇಡಿ. ಐಫೋನ್ 14 ಅಥವಾ ನಂತರದ್ದಿದ್ದರೆ ಉಪಗ್ರಹದ ಮೂಲಕ ತುರ್ತು ಸಂದೇಶ ಹೋಗುತ್ತದೆ. ಆಕಾಶ ಕಿರಿದಾಗಿರುವ ಕಡೆ ಅದಕ್ಕೂ ಸಮಯ ಹಿಡಿಯುತ್ತದೆ.

ಸಾಧ್ಯವಾದರೆ ಮಂಗಳವಾರ, ಬುಧವಾರ ಇಟ್ಟುಕೊಳ್ಳಿ. ಶನಿವಾರ, ಭಾನುವಾರ ಕ್ಯಾಂಪಿನ ಜಾಗ ತಿಂಗಳುಗಳ ಮೊದಲೇ ತುಂಬಿರುತ್ತದೆ. ಪೆಟ್ರೋಲನ್ನು ಬೆಟ್ಟ ಇಳಿಯುವ ಮುಂಚೆ ತುಂಬಿಸಿ. ಊರಿಗೆ ಬಂದ ಮೇಲೆ ಮೊದಲು ಸಂದರ್ಶಕರ ಕೇಂದ್ರಕ್ಕೆ ಹೋಗಿ ಅವತ್ತು ಯಾವ ಕಡೆ ಹೂವಿದೆ ಎಂದು ಕೇಳಿ, ಕಾಗದದ ನಕಾಶೆ ತೆಗೆದುಕೊಳ್ಳಿ. ಆ ಕಟ್ಟಡದ ಚಾವಣಿಯ ಮೇಲೆ ಮಣ್ಣು ಹೊದೆಸಿರುವುದರಿಂದ ದೂರದಿಂದ ಕಾಣುವುದಿಲ್ಲ, ಫಲಕ ನೋಡಿಕೊಂಡು ಹೋಗಬೇಕು. ಫಾಂಟ್ಸ್ ಪಾಯಿಂಟ್ ಎಂಬ ವೀಕ್ಷಣಾ ತಾಣದ ಸೂರ್ಯೋದಯ ನೋಡಲೇಬೇಕು ಎಂದು ಅಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಅವರು ಹೇಳುವುದು ಸರಿ, ಆದರೆ ಆ ದಾರಿ ಹಳ್ಳದ ಮರಳಿನ ಮೇಲೆ ಸಾಗುತ್ತದೆ. ನಿಮ್ಮ ಬಾಡಿಗೆಯ ಸಣ್ಣ ಕಾರನ್ನು ಅದಕ್ಕೆ ಇಳಿಸಬೇಡಿ.