ಮೊದಲ ಸುತ್ತಿನಲ್ಲೇ ಅರ್ಧ ಲಿಥಿಯಂ ಎಲ್ಲಿ ಹೋಯಿತು?

ಎಂ.ಎಸ್ಸಿ. ವಿದ್ಯಾರ್ಥಿಯೊಬ್ಬರ ಪತ್ರ: ‘ಹಮ್ಮರ್ಸ್ ವಿಧಾನದಲ್ಲಿ (ಗ್ರಾಫೈಟನ್ನು ಗಂಧಕಾಮ್ಲ, ಪರ್ಮಾಂಗನೇಟ್ ಬಳಸಿ ಉತ್ಕರ್ಷಿಸಿ) ಗ್ರಾಫೀನ್ ಆಕ್ಸೈಡ್ ತಯಾರಿಸಿ, ಕಾಯಿಸಿ ಅಪಕರ್ಷಿಸಿ (ಅಂದರೆ ಆಮ್ಲಜನಕ ತೆಗೆದು), ಲಿಥಿಯಂ ಲೋಹದ ಎದುರು 2032 ಅಳತೆಯ, ಗುಂಡಿಯಾಕಾರದ ಕಾಯಿನ್ ಸೆಲ್ ಕಟ್ಟಿದೆವು. ಮೊದಲ ಸಲ ಗ್ರಾಂಗೆ 1,100 ಮಿಲಿಆಂಪಿಯರ್-ಅವರ್ ಒಳಹೋಯಿತು, ವಾಪಸು ಬಂದದ್ದು 520. ನಮ್ಮ ತಪ್ಪೆಲ್ಲಿ? 520 ಕೂಡ ಗ್ರಾಫೈಟಿನ 372ಕ್ಕಿಂತ ಹೆಚ್ಚಲ್ಲವೇ, ಮತ್ತೇಕೆ ಕಂಪನಿಗಳು ಗ್ರಾಫೈಟನ್ನೇ ಬಳಸುತ್ತವೆ?’

ಸಂಪಾದಕರ ಉತ್ತರ:

ನೀವು ಸೆಲ್ ಕಟ್ಟಿದ ರೀತಿಯಲ್ಲಿ ತಪ್ಪು ಕಾಣುತ್ತಿಲ್ಲ. ಆ 580ರ ನಷ್ಟ ಗ್ರಾಫೀನಿನ ಗುಣದಿಂದಲೇ ಬಂದದ್ದು. ಗ್ರಾಫೀನೆಂದರೆ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ; ಒಂಟಿ ಪದರದ ಗ್ರಾಫೀನಿಗೆ ಗ್ರಾಂಗೆ 2,630 ಚದರ ಮೀಟರ್ ಮೇಲ್ಮೈ. ನಿಮ್ಮ ಪುಡಿಯಲ್ಲಿ ಹಾಳೆಗಳು ಮತ್ತೆ ಅಂಟಿಕೊಂಡು ಅದು ಕೆಲವು ನೂರಕ್ಕೆ ಇಳಿದಿರುತ್ತದೆ. ಆದರೂ ಬ್ಯಾಟರಿಯ ಗ್ರಾಫೈಟಿಗಿರುವುದು ಬೆರಳೆಣಿಕೆಯಷ್ಟು ಚದರ ಮೀಟರ್ ಮಾತ್ರ. ಮೊದಲ ಸುತ್ತಿನ ವೋಲ್ಟೇಜ್ ರೇಖೆಯನ್ನು ಹಿಗ್ಗಿಸಿ ನೋಡಿ: 0.8 ವೋಲ್ಟ್ ಆಸುಪಾಸಿನಲ್ಲಿ ಸಣ್ಣ ಸಮತಟ್ಟು ಇರುತ್ತದೆ, ಎರಡನೇ ಸುತ್ತಿನಲ್ಲಿ ಅದು ಮಾಯ. ಅಲ್ಲಿ ಎಲೆಕ್ಟ್ರೊಲೈಟ್ (ಸೆಲ್‌ನೊಳಗೆ ಅಯಾನು ಸಾಗಿಸುವ ದ್ರವ) ಒಡೆದು, ಲಿಥಿಯಮ್ಮನ್ನು ಹಿಡಿದುಕೊಂಡು, ಇಂಗಾಲದ ಮೇಲೆ ಪೊರೆ ಕಟ್ಟಿದೆ. ಪೊರೆಯಿಲ್ಲದೆ ಸೆಲ್ ಬಾಳುವುದಿಲ್ಲ, ನಿಜ. ಆದರೆ ಮೇಲ್ಮೈ ದೊಡ್ಡದಾದಷ್ಟೂ ಅದಕ್ಕೆ ತೆರುವ ಲಿಥಿಯಂ ಹೆಚ್ಚು. ಅಪಕರ್ಷಣೆಯಾಗದೆ ಉಳಿದ ಆಮ್ಲಜನಕದ ಗುಂಪುಗಳೂ ಒಂದಿಷ್ಟು ನುಂಗುತ್ತವೆ.

ನಿಮ್ಮ ಸೆಲ್‌ನಲ್ಲಿ ಎದುರಿಗಿದ್ದದ್ದು ಲಿಥಿಯಂ ಲೋಹದ ಬಿಲ್ಲೆ, ಎಷ್ಟು ಕಳೆದರೂ ಅದರಲ್ಲಿ ದಾಸ್ತಾನಿದೆ. ಮಾರುವ ಸೆಲ್‌ನಲ್ಲಿ ಆ ಅನುಕೂಲವಿಲ್ಲ: ಕ್ಯಾಥೋಡ್ (ಧನ ವಿದ್ಯುದ್ವಾರ) ತಂದಷ್ಟೇ ಲಿಥಿಯಂ. ನಿಮ್ಮ ಗ್ರಾಫೀನನ್ನು ಅಲ್ಲಿಟ್ಟರೆ ಮೊದಲ ಚಾರ್ಜಿನಲ್ಲೇ ನೂರಕ್ಕೆ 53 ಪಾಲು ಹೋಯಿತು. ಇನ್ನೊಂದು, ಗ್ರಾಫೈಟಿನಿಂದ ಲಿಥಿಯಂ ಬಹುಪಾಲು 0.25 ವೋಲ್ಟಿನೊಳಗೇ ಹೊರಬರುತ್ತದೆ. ನಿಮ್ಮ 520 ಬಂದದ್ದು 3 ವೋಲ್ಟಿನವರೆಗೆ ಏರುತ್ತಾ ಹೋಗುವ ಇಳಿಜಾರಿನಲ್ಲಿ. ಆನೋಡಿನ (ಗ್ರಾಫೈಟ್ ಇರುವ ಋಣ ವಿದ್ಯುದ್ವಾರದ) ವೋಲ್ಟೇಜು ಏರಿದಷ್ಟೂ ಪೂರ್ಣ ಸೆಲ್‌ನ ವೋಲ್ಟೇಜು ಕುಸಿಯುತ್ತದೆ. ಕಂಪನಿಗಳು ಗ್ರಾಫೈಟನ್ನು ಬಿಡದಿರುವುದಕ್ಕೆ ಇವೆರಡೇ ಸಾಕು.

ಹಾಗೆಂದು ಮಾಡಿದ ಪುಡಿಯನ್ನು ಎಸೆಯಬೇಡಿ. ಕ್ಯಾಥೋಡಿನಲ್ಲಿ ವಿದ್ಯುತ್ ಹರಿಯಲು ಬೆರೆಸುವ ಇಂಗಾಲವಾಗಿ ಅದು ನಿಜಕ್ಕೂ ಒಳ್ಳೆಯ ವಸ್ತು. ಮುಂದಿನ ಸಲ ಆಕ್ಸೈಡನ್ನು ಮೊದಲು ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, ಆಮೇಲೆ ನೀರಿನಲ್ಲಿ ತೊಳೆಯಿರಿ. ಆಮ್ಲ ಹೋದಂತೆ ಅದು ಲೋಳೆಯಂತೆ ಉಬ್ಬಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಸೆಂಟ್ರಿಫ್ಯೂಜೇ ಗತಿ. ತೊಳೆದ ನೀರಿಗೆ ಬೇರಿಯಂ ಕ್ಲೋರೈಡ್ ಹನಿಸಿದಾಗ ಬಿಳಿ ಮಸುಕು ಕಂಡರೆ ಸಲ್ಫೇಟ್ ಇನ್ನೂ ಇದೆ. ಒಣಗಿದ ಆಕ್ಸೈಡನ್ನು ರಾಶಿ ಹಾಕಿ ಕಾಯಿಸಬೇಡಿ, ಭುಸ್ಸೆಂದು ಹಾರುತ್ತದೆ.

1 ಗ್ರಾಂ ಕ್ಯಾಥೋಡ್ ಮಿಶ್ರಣಕ್ಕೆ ಲಿಥಿಯಂ ಐರನ್ ಫಾಸ್ಫೇಟ್ 900 ಮಿ.ಗ್ರಾಂ, ಪಿವಿಡಿಎಫ್ ಅಂಟು 50, ಕಾರ್ಬನ್ ಬ್ಲ್ಯಾಕ್ 40, ಗ್ರಾಫೀನ್ 10. ಗ್ರಾಫೀನನ್ನು ಎಲ್ಲಕ್ಕೂ ಮೊದಲು ಎನ್‌ಎಂಪಿ ದ್ರಾವಕದಲ್ಲಿ ಸೋನಿಕೇಟರಿಗೆ (ಶ್ರವಣಾತೀತ ಕಂಪನದಿಂದ ಕದಡುವ ಯಂತ್ರಕ್ಕೆ) ಹಿಡಿಯಿರಿ. ಕೊನೆಗೆ ಸುರಿದರೆ ಗಂಟು ಗಂಟಾಗಿ ಉಳಿದೀತು. ಹಚ್ಚಬೇಕಾದದ್ದು ಅಲ್ಯೂಮಿನಿಯಂ ಹಾಳೆಗೆ, ತಾಮ್ರಕ್ಕಲ್ಲ. ನಿರ್ವಾತದಲ್ಲಿ 120 ಡಿಗ್ರಿಗೆ ರಾತ್ರಿಯಿಡೀ ಒಣಗಿಸಿ. ಗ್ರಾಫೀನ್ ಹೆಚ್ಚು ಹಾಕಿದರೆ ಹೆಚ್ಚು ಲಾಭ ಎಂದುಕೊಳ್ಳಬೇಡಿ. ಲಿಥಿಯಂ ಅಯಾನು ಗ್ರಾಫೀನ್ ಹಾಳೆಯನ್ನು ತೂರಿ ಹೋಗಲಾರದು, ಅಂಚು ಬಳಸಿಯೇ ಹೋಗಬೇಕು. ಹಾಳೆಗಳು ಹೆಂಚು ಹೊದಿಸಿದಂತೆ ಮಲಗಿದರೆ ವೇಗದ ಚಾರ್ಜಿನಲ್ಲಿ ಸಾಮರ್ಥ್ಯ ಬೀಳುತ್ತದೆ. ಅದಕ್ಕೇ 0.1ಸಿ (ಹತ್ತು ಗಂಟೆಯ ನಿಧಾನದ ಚಾರ್ಜು) ಮತ್ತು 2ಸಿ (ಅರ್ಧ ಗಂಟೆಯ ವೇಗದ ಚಾರ್ಜು) ಎರಡರಲ್ಲೂ, ಗ್ರಾಫೀನಿಲ್ಲದ ಸೆಲ್ ಜೊತೆಗಿಟ್ಟು ಅಳೆಯಿರಿ.

ಏನೂ ಹಚ್ಚದ ಅಲ್ಯೂಮಿನಿಯಂ ಹಾಳೆಯ ಬಿಲ್ಲೆಗಳನ್ನೂ ಕತ್ತರಿಸಿ ತೂಗಿಕೊಳ್ಳಿ, ಒಟ್ಟು ತೂಕದಿಂದ ಅದನ್ನು ಕಳೆಯಬೇಕು. ಹಚ್ಚಿದ್ದು 2 ಮಿ.ಗ್ರಾಂ ಇರುವಾಗ ತೂಕದಲ್ಲಿ 0.2 ತಪ್ಪಿದರೂ ಫಲಿತಾಂಶ ನೂರಕ್ಕೆ ಹತ್ತರಷ್ಟು ಆಚೀಚೆಯಾಗುತ್ತದೆ.