ಹೊಸದಾಗಿ ಮದುವೆಯಾದ ಇಬ್ಬರು ಕೊಡಗಿನಿಂದ ಹೋಗಿ ಏಕಾಂತವಾಗಿ ಇರಬಹುದಾದ ಸ್ಕೂಬಾ ಡೈವಿಂಗ್ ದ್ವೀಪ ಯಾವುದು? ನೇತ್ರಾಣಿ ಸಾಕೇ?

ನೇತ್ರಾಣಿಯಲ್ಲಿ ಡೈವ್ ಮಾಡಬಹುದು, ತಂಗಲು ಆಗದು. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ ಅದೇ ದಿನ ವಾಪಸ್ ಬರಬೇಕು. ಹೊಸದಾಗಿ ಮದುವೆಯಾದವರಿಗೆ ನಾನು ಹೇಳುವುದು ಲಕ್ಷದ್ವೀಪದ ಬಂಗಾರಂ. ಅಲ್ಲಿ ಊರಿಲ್ಲ, ತೆಂಗು, ಬಿಳಿ ಮರಳು, ಸುತ್ತ ಹವಳದ ದಿಬ್ಬ, ಅಷ್ಟೇ. ಕೊಚ್ಚಿಯಿಂದ ಅಗತ್ತಿ ದ್ವೀಪಕ್ಕೆ ವಿಮಾನ, ಅಲ್ಲಿಂದ ದೋಣಿ. ಪ್ರವೇಶ ಪರವಾನಗಿ ಮೊದಲೇ ಮಾಡಿಸಿಕೊಳ್ಳಿ. ರೋಬಸ್ಟಾ ಕಾಫಿ ಕೊಯ್ಲು ಮುಗಿಸಿ ಹೊರಟರೆ ಸಮುದ್ರವೂ ಶಾಂತವಾಗಿರುತ್ತದೆ. (ಕಾಫಿ ಗಿಡ ಹೂ ಬಿಡಿಸುವ ಹೂಮಳೆ ಕಾಯುತ್ತಾ ಕೂತರೆ ಹೊರಡುವುದೇ ಇಲ್ಲ ಬಿಡಿ.)

ಮೊದಲ ಸಲದವರನ್ನು ಬೋಧಕರು ಸಾಮಾನ್ಯವಾಗಿ 12 ಮೀಟರ್‌ಗಿಂತ ಆಳಕ್ಕೆ ಒಯ್ಯುವುದಿಲ್ಲ. ಆಸ್ತಮಾ ಇದ್ದರೆ ವೈದ್ಯರನ್ನು ಕೇಳದೆ ಇಳಿಯಬೇಡಿ.

ಕೊಡಗಿನವರು ಮುಖ್ಯವಾಗಿ ಗಮನಿಸಬೇಕಾದದ್ದು ಬೇರೆಯೇ ಇದೆ. ನೀರಿನಡಿಯ ಒತ್ತಡದಲ್ಲಿ ಉಸಿರಾಡಿದ ನೈಟ್ರೋಜನ್ ಮೈಯಲ್ಲಿ ಕರಗಿರುತ್ತದೆ. ಅದು ಹೊರಹೋಗುವ ಮೊದಲೇ ಎತ್ತರಕ್ಕೇರಿದರೆ ಗುಳ್ಳೆಗಳಾಗಿ ಕೀಲುನೋವು ಬರಬಹುದು, ಕೆಲವೊಮ್ಮೆ ಪಾರ್ಶ್ವವಾಯುವೂ ಆಗಬಹುದು. ಒಂದೇ ಡೈವ್ ಆದರೆ ವಿಮಾನ ಹತ್ತಲು ಕನಿಷ್ಠ 12 ಗಂಟೆ, ಹಲವು ಡೈವ್ ಆದರೆ 18 ಗಂಟೆ ಕಾಯಬೇಕು. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರ್‌ಗೂ ಮೇಲಿದೆ. ಹಾಗಾಗಿ ನೇತ್ರಾಣಿಯಲ್ಲಿ ಮುಳುಗೆದ್ದು ಅದೇ ರಾತ್ರಿ ಮಡಿಕೇರಿಗೆ ಸಂಪಾಜೆ ಘಾಟಿ ಹತ್ತುವುದೂ ಬೇಡ; ಕರಾವಳಿಯಲ್ಲೇ ಒಂದು ರಾತ್ರಿ ಉಳಿಯಿರಿ.